ಮೃಗಾಲಯದ ಹುಲಿಗೆ ಕಾಡಿನ ಹಿನ್ನೆಲೆ

ಪ್ರಶ್ನೆ: ಮೃಗಾಲಯದಲ್ಲಿ ನಾನು ತೆಗೆದ ಹುಲಿಯ ಚಿತ್ರದಲ್ಲಿ ಹಿಂದೆ ಸಿಮೆಂಟ್ ಗೋಡೆಯೂ ಮುಂದೆ ತಂತಿಬಲೆಯ ಗೆರೆಗಳೂ ಕಾಣುತ್ತಿದ್ದವು. ಅವನ್ನು ಕಂಪ್ಯೂಟರಿನಲ್ಲಿ ಅಳಿಸಿ ಕಾಡಿನ ಹಿನ್ನೆಲೆಯನ್ನು ಜೋಡಿಸಿದ್ದೇನೆ. ಆದರೆ ಹುಲಿಯನ್ನು ಅಂಟಿಸಿದಂತೆ ಕಾಣುತ್ತದೆ. ಇದನ್ನು ಸರಿಪಡಿಸುವುದು ಹೇಗೆ? ಈ ಚಿತ್ರವನ್ನು ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗೆ ಕಳುಹಿಸಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಕಳುಹಿಸಬೇಡಿ. ಫಿಯಾಪ್ (ಛಾಯಾಚಿತ್ರ ಕಲೆಯ ಅಂತರರಾಷ್ಟ್ರೀಯ ಒಕ್ಕೂಟ), ಪಿಎಸ್‌ಎ (ಅಮೆರಿಕದ ಛಾಯಾಚಿತ್ರ ಸಂಘ) ಮತ್ತು ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿಗಳು ಒಟ್ಟಾಗಿ ಒಪ್ಪಿರುವ ವ್ಯಾಖ್ಯೆಯ ಪ್ರಕಾರ ಮೃಗಾಲಯದ ಪ್ರಾಣಿಯ ಚಿತ್ರಕ್ಕೆ ‘ನಿಸರ್ಗ’ ವಿಭಾಗದಲ್ಲಿ ಅವಕಾಶವಿದೆ, ‘ವನ್ಯಜೀವಿ’ ವಿಭಾಗದಲ್ಲಿ ಇಲ್ಲ. ಹಿನ್ನೆಲೆ ಬದಲಿಸಿದ ಚಿತ್ರಕ್ಕಂತೂ ಎರಡರಲ್ಲಿಯೂ ಇಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಸ್ಪರ್ಧೆಯಲ್ಲಿ 2009ರ ಅಗ್ರಪ್ರಶಸ್ತಿ ಪಡೆದಿದ್ದ, ತೋಳವೊಂದು ಗೇಟನ್ನು ಹಾರುವ ಚಿತ್ರವನ್ನು, ಅದು ಪಳಗಿಸಿದ ಪ್ರಾಣಿಯಾಗಿರಬಹುದೆಂದು ತೀರ್ಪುಗಾರರಿಗೆ ಮನವರಿಕೆಯಾದ್ದರಿಂದ 2010ರಲ್ಲಿ ಅನರ್ಹಗೊಳಿಸಲಾಯಿತು. ಛಾಯಾಗ್ರಾಹಕರು ಆ ಆರೋಪವನ್ನು ಒಪ್ಪಲಿಲ್ಲ. ಆದರೂ ಪ್ರಶಸ್ತಿ ಉಳಿಯಲಿಲ್ಲ.

ಮನೆಯ ಗೋಡೆಗೆ ಹಾಕಲೆಂದು ಹಿನ್ನೆಲೆ ಬದಲಿಸುವುದರಲ್ಲಿ ತಪ್ಪೇನಿಲ್ಲ, ಆದರೆ ಇತರರಿಗೆ ತೋರಿಸುವಾಗ ಪ್ರಾಣಿ ಮೃಗಾಲಯದ್ದು, ಹಿನ್ನೆಲೆ ಜೋಡಿಸಿದ್ದು ಎಂದು ಚಿತ್ರದ ಕೆಳಗೆ ಬರೆಯಿರಿ. ಹುಲಿ ಅಂಟಿಸಿದಂತೆ ಕಾಣಲು ಬಹುಮಟ್ಟಿಗೆ ಬೆಳಕೇ ಕಾರಣ: ಹುಲಿಯ ಮೈಮೇಲೆ ಎಡಗಡೆಯಿಂದ ಬಿಸಿಲು ಬಿದ್ದಿದ್ದು, ಕಾಡಿನ ಚಿತ್ರವನ್ನು ಮೋಡ ಕವಿದ ದಿನ ತೆಗೆದಿದ್ದರೆ ತಂತ್ರಾಂಶದಿಂದಲೂ ಅವೆರಡನ್ನು ಸಹಜವಾಗಿ ಕೂಡಿಸುವುದು ಕಷ್ಟ. ಬಳಿಕ ಪಾದಗಳನ್ನು ಗಮನಿಸಿ. ನೆಲದ ಮೇಲೆ ನೆರಳಿಲ್ಲದಿದ್ದರೆ, ಪಾದದ ಮುಂದೆ ಒಂದೆರಡು ಹುಲ್ಲೆಸಳಾದರೂ ಬಾರದಿದ್ದರೆ ಪ್ರಾಣಿ ತೇಲುತ್ತಿರುವಂತೆ ಕಾಣುತ್ತದೆ. ಮೀಸೆಯ ಹಾಗೂ ಕಿವಿಯ ರೋಮಗಳ ಅಂಚಿನಲ್ಲಿ ಹಳೆಯ ಗೋಡೆಯ ಬಣ್ಣ ಉಳಿಯದಂತೆ ಚಿತ್ರವನ್ನು ಹಿಗ್ಗಿಸಿ ನೋಡುತ್ತ ಮಾಸ್ಕನ್ನು, ಎಂದರೆ ಹುಲಿಯನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಪದರವನ್ನು, ತಾಳ್ಮೆಯಿಂದ ತಿದ್ದಬೇಕು. ಇನ್ನೊಂದು ಮಾತು: ಆಫ್ರಿಕಾದ ಹುಲ್ಲುಗಾವಲಿನಲ್ಲಿ ಹುಲಿಯನ್ನು ನಿಲ್ಲಿಸಿದ ಚಿತ್ರಗಳನ್ನು ನೋಡಿದಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಆಫ್ರಿಕಾದ ಕಾಡುಗಳಲ್ಲಿ ಹುಲಿಗಳಿಲ್ಲ, ಅದನ್ನು ನೋಡುವ ಮಕ್ಕಳು ತಪ್ಪನ್ನೇ ಕಲಿಯುತ್ತಾರೆ.

ಆದರೆ ಹಿನ್ನೆಲೆಯನ್ನು ಬದಲಿಸುವುದಕ್ಕಿಂತ, ಅದೇ ಗೋಡೆಯನ್ನು ಸ್ವಲ್ಪ ಕಪ್ಪಾಗಿಸಿ ಬಣ್ಣವನ್ನು ತಗ್ಗಿಸುವುದೇ ಮೇಲೆಂದು ನನ್ನ ಅನಿಸಿಕೆ. ಅದಕ್ಕಿಂತಲೂ ಒಳ್ಳೆಯದು, ಮುಂದಿನ ಸಲ ತಂತಿಬಲೆಯನ್ನು ಕ್ಯಾಮೆರಾದಲ್ಲಿಯೇ ಮರೆಮಾಡುವುದು. ಸುರಕ್ಷತೆಗಾಗಿ ಹಾಕಿರುವ ತಡೆಗೋಡೆಯನ್ನು ದಾಟದೆ, ಬಲೆಗೆ ಎಷ್ಟು ಸಮೀಪ ನಿಲ್ಲಲು ಸಾಧ್ಯವೋ ಅಷ್ಟು ಸಮೀಪ ನಿಂತು, 200 ಮಿ.ಮೀ. ಅಥವಾ ಅದಕ್ಕೂ ಉದ್ದದ ಲೆನ್ಸಿನಲ್ಲಿ ಅಪರ್ಚರನ್ನು (ಬೆಳಕು ಒಳಬರುವ ರಂಧ್ರವನ್ನು) ಎಫ್/2.8 ಅಥವಾ ಎಫ್/4ರಷ್ಟು ಅಗಲಕ್ಕೆ ತೆರೆದು, ಹುಲಿ ಬಲೆಯಿಂದ ದೂರವಿರುವಾಗ ತೆಗೆದರೆ ತಂತಿಗಳು ಮಸುಕಾಗಿ ಬಹುತೇಕ ಮಾಯವಾಗುತ್ತವೆ. ಬಲೆಯ ಮೇಲೆ ನೇರ ಬಿಸಿಲು ಬಿದ್ದಿದ್ದರೆ ತಂತಿ ಬೆಳ್ಳಗೆ ಹೊಳೆಯುವುದರಿಂದ ನೆರಳಿರುವ ಭಾಗವನ್ನೇ ಆರಿಸಿಕೊಳ್ಳಿ. ಕ್ಯಾಮೆರಾ ತಂತಿಯ ಮೇಲೆಯೇ ಫೋಕಸ್ ಮಾಡಲು ಹೋದರೆ ಒಂದೇ ಬಿಂದುವಿನ ಫೋಕಸನ್ನು ಹುಲಿಯ ಕಣ್ಣಿಗೆ ಹೊಂದಿಸಿ. ಗಾಜಿನ ಆವರಣವಾದರೆ ಫ್ಲ್ಯಾಷ್ ಬೇಡ. ರಬ್ಬರ್ ಹುಡ್ (ಲೆನ್ಸಿನ ತುದಿಗೆ ಹಾಕುವ ಮರೆ) ಹಾಕಿದ ಲೆನ್ಸನ್ನು ಗಾಜಿಗೆ ಒತ್ತಿ ಹಿಡಿದರೆ ಪ್ರತಿಬಿಂಬ ಬೀಳುವುದಿಲ್ಲ.

ಗೋಡೆಯ ವಿಷಯದಲ್ಲಿ ಕಾಯುವುದೇ ಉಪಾಯ. ಆವರಣದಲ್ಲಿರುವ ಹುಲಿ ಅನೇಕ ವೇಳೆ ಒಂದೇ ಜಾಡಿನಲ್ಲಿ ಸುತ್ತುತ್ತಿರುತ್ತದೆ. ಮೊದಲ ಸುತ್ತನ್ನು ಸುಮ್ಮನೆ ನೋಡಿ, ಗೋಡೆಯೂ ಮಸುಕಾಗುವಂತೆ ಅದು ಗೋಡೆಯಿಂದ ಅತಿ ದೂರ ಬರುವ ಜಾಗವನ್ನು ಗುರುತಿಸಿಕೊಂಡು, ಮುಂದಿನ ಸುತ್ತಿನಲ್ಲಿ ಅದು ಅಲ್ಲಿಗೆ ಬಂದಾಗ ಕ್ಲಿಕ್ಕಿಸಿ.