ಮನೆ ತೆರಿಗೆಗೂ ಶಾಲೆಗೂ ಏನು ನಂಟು?

ಪ್ರಶ್ನೆ: ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟ್‌ಗಳು (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳು) ಬಿಳಿಯರಲ್ಲದ ಉದ್ಯಮಿಗಳ ಜೊತೆ ಕೈಜೋಡಿಸುತ್ತವಂತೆ. ಸರ್ಕಾರಿ ಶಾಲೆಗೆ ಉದ್ಯಮಿಗಳು ಯಾಕೆ ಬೇಕು ಸಾರ್?

ಉತ್ತರ: ಅಲ್ಲಿ ಶಾಲೆಯ ದುಡ್ಡಿನಲ್ಲಿ ದೊಡ್ಡ ಪಾಲು ಬರುವುದು ಆಯಾ ಊರಿನ ಮನೆ, ಜಾಗದ ತೆರಿಗೆಯಿಂದ. ಹಾಗಾಗಿ ದುಬಾರಿ ಮನೆಗಳಿರುವ ಕಡೆ ಶಾಲೆಗೂ ಜಾಸ್ತಿ ಹಣ. ಇದು ಅನ್ಯಾಯ ಅಂತ ಟೆಕ್ಸಾಸ್‌ನ ಪೋಷಕರು ಕೋರ್ಟಿಗೆ ಹೋದರು, 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5-4ರಿಂದ ಸೋತರು. ಬಡ ಊರಿನ ಶಾಲೆಗಳ ಆ ಕೊರತೆಯನ್ನು ಸ್ವಲ್ಪ ತುಂಬುವುದಕ್ಕೆ ಇಂಥ ಉದ್ಯಮಿಗಳು ಬೇಕಾಗುವುದು. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ 2012ರಲ್ಲಿ ಐವರು ಕಪ್ಪು ಉದ್ಯಮಿಗಳು, ತಂತ್ರಜ್ಞರು ಸೇರಿ 'ಹಿಡನ್ ಜೀನಿಯಸ್ ಪ್ರಾಜೆಕ್ಟ್' ಶುರು ಮಾಡಿದರು. ಕಪ್ಪು ಹುಡುಗರಿಗೆ 15 ತಿಂಗಳು ಕೋಡಿಂಗ್, ಬಿಸಿನೆಸ್ ಪಾಠ. ತನ್ನ ಥರಾನೇ ಕಾಣುವ ಮೇಷ್ಟ್ರು ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರೆ ಹುಡುಗ ಪ್ರಶ್ನೆ ಕೇಳಲು ಅಂಜುವುದಿಲ್ಲ, ಅಲ್ವಾ? ತೆರಿಗೆ ಲೆಕ್ಕ ಮಾತ್ರ ಇದರಿಂದ ಬದಲಾಗುವುದಿಲ್ಲ.