ನಿಮ್ಮ ಪ್ರಶ್ನೆ: ಕಡಲಿನಲ್ಲಿ ಸಸ್ಯರಾಶಿ ಇಷ್ಟು ಕಡಿಮೆ, ಉತ್ಪಾದನೆ ಮಾತ್ರ ನೆಲದಷ್ಟೇ. ಬೇರೆ ಬೇರೆ ಪ್ರದೇಶಗಳ ಜೀವರಾಶಿ, ಉತ್ಪಾದಕತೆ ಬರೆದಿರುವ ನನ್ನ ಪಟ್ಟಿ ತಪ್ಪಾ?

ಪಟ್ಟಿ ಬಹುಶಃ ಸರಿಯಾಗೇ ಇದೆ, ನೀವು ಎರಡು ಬೇರೆ ಅಳತೆಗಳನ್ನು ಒಂದೇ ಅಂದುಕೊಂಡಿದ್ದೀರಿ. ಜೀವರಾಶಿ ಅಂದ್ರೆ ಈಗ ಅಲ್ಲಿರುವ ಸಸ್ಯಗಳ ತೂಕ. ಉತ್ಪಾದಕತೆ ಅಂದ್ರೆ ಒಂದು ವರ್ಷದಲ್ಲಿ ಹೊಸದಾಗಿ ಬೆಳೆದದ್ದು. ಕೂಡಿಟ್ಟ ಹಣ ಬೇರೆ, ಸಂಬಳ ಬೇರೆ ಅಲ್ವಾ, ಹಾಗೆ.

ಮೊದಲು ಯೂನಿಟ್ ನೋಡಿ. ಒಂದು ಕಾಲಂನಲ್ಲಿ ಒಣತೂಕ (ನೀರಿನಂಶ ತೆಗೆದ ತೂಕ), ಇನ್ನೊಂದರಲ್ಲಿ ಇಂಗಾಲ ಇದ್ದರೆ ಒಣತೂಕದ ಸುಮಾರು ಅರ್ಧವನ್ನು ಇಂಗಾಲ ಅಂತ ಹಿಡಿಯಿರಿ.

ಆಮೇಲೆ ಜೀವರಾಶಿಯನ್ನು ಉತ್ಪಾದಕತೆಯಿಂದ ಭಾಗಿಸಿ, ಅಲ್ಲೇ ಎಲ್ಲ ಬಿಡಿಸಿಕೊಳ್ಳುತ್ತದೆ. ಉಷ್ಣವಲಯದ ಮಳೆಕಾಡಿನಲ್ಲಿ ಚದರ ಮೀಟರಿಗೆ ಸುಮಾರು 45 ಕಿಲೋ ಒಣತೂಕ ಇರುತ್ತದೆ, ವರ್ಷದ ಬೆಳವಣಿಗೆ 2.2 ಕಿಲೋ, ಅಂದ್ರೆ 20 ವರ್ಷದ ದಾಸ್ತಾನು, ಅದರಲ್ಲಿ ಬಹುಪಾಲು ಸುಮ್ನೆ ನಿಂತಿರುವ ಮರದ ಕಾಂಡ. ತೆರೆದ ಕಡಲಿನಲ್ಲಿ ಇರುವುದು 3 ಗ್ರಾಂ, ವರ್ಷಕ್ಕೆ ಬೆಳೆಯುವುದು 125 ಗ್ರಾಂ. ಬರೀ 9 ದಿನದ ದಾಸ್ತಾನು! ಅಲ್ಲಿನ ಸೂಕ್ಷ್ಮ ಪಾಚಿಗಳಿಗೆ ಕಾಂಡವೂ ಇಲ್ಲ, ಬೇರೂ ಇಲ್ಲ; ಬೇಗ ಹುಟ್ಟುತ್ತವೆ, ಅಷ್ಟೇ ಬೇಗ ಯಾರದೋ ಬಾಯಿಗೆ ಹೋಗುತ್ತವೆ.

ಕೊನೆಗೆ ಉತ್ಪಾದಕತೆಯನ್ನು ವಿಸ್ತೀರ್ಣದಿಂದ ಗುಣಿಸಿ. ಚದರ ಮೀಟರಿನ ಲೆಕ್ಕದಲ್ಲಿ ತೆರೆದ ಕಡಲು ಮರುಭೂಮಿಯ ಹತ್ತಿರಕ್ಕೇ ಬರುತ್ತದೆ, ಆದರೆ ಜಾಗ ಅಷ್ಟು ಜಾಸ್ತಿ ಇರುವುದರಿಂದ ಭೂಮಿಯ ಒಟ್ಟು ಉತ್ಪಾದನೆಯ ಹತ್ತಿರಹತ್ತಿರ ಅರ್ಧ ಕಡಲಿನದ್ದೇ.

ಈ ಅಂಕಿಗಳೆಲ್ಲ ಅಂದಾಜು ಸರಾಸರಿ. ನಿಮ್ಮ ಪಟ್ಟಿಯಲ್ಲಿ ಹುಲ್ಲುಗಾವಲಿನ ಅಂಕಿ ಇದ್ದರೆ ಅದನ್ನು ಮಾತ್ರ ಪೂರ್ತಿ ನಂಬಬೇಡಿ, ಬೇರಿನ ತೂಕ ಸೇರಿಸಿದ್ದಾರಾ ಅಂತ ನೋಡಿ.