ಎಸ್‌ಯುವಿಗೆ ಬೇರೆ ಏರ್ ಇನ್‌ಟೇಕ್ ಹಾಕಬಹುದೇ? ನನ್ನ ಟರ್ಬೊ ಕಳೆದುಕೊಂಡ ಅನುಭವ

ಡೀಸೆಲ್ ಎಸ್‌ಯುವಿಗೆ ಏರ್ ಇನ್‌ಟೇಕ್ ಕಿಟ್ ತರಿಸಿದ್ದೇನೆ, ಮನೆಯಲ್ಲೇ ಕೂರಿಸಬಹುದೇ, ಪಿಕಪ್ ಎಷ್ಟು ಹೆಚ್ಚುತ್ತದೆ ಎಂದು ಕೇಳಿದ್ದೀರಿ. ನಾನು ಕೂರಿಸಿದ್ದೆ. ಆಗ ಹೊಸಪೇಟೆಯಲ್ಲಿದ್ದೆ, ಕೆಲಸದ ಮೇಲೆ ವಾರಕ್ಕೆ ಮೂರು ಸಲ ಸಂಡೂರಿಗೆ ಓಡಾಟ. ಅದಿರಿನ ಲಾರಿಗಳ ಹಿಂದೆ ಹೋಗಿ ಬಂದರೆ ಬಿಳಿ ಗಾಡಿ ಕೆಂಪಾಗಿರುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಕಂಪನಿಯ ಫಿಲ್ಟರ್ ಡಬ್ಬಿ ಬಿಚ್ಚಿ, ಶಂಕುವಿನಾಕಾರದ ಫಿಲ್ಟರ್, ಸಿಲಿಕೋನ್ ಪೈಪ್, ಮೂರು ಕ್ಲಿಪ್ ಎಲ್ಲವನ್ನೂ ಜೋಡಿಸಿದೆ. ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಟರ್ಬೊ ಎಂದರೆ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ. ಅದರ ಬಾಯಿಗೆ ಸೇರುವ ಪೈಪಿನ ತುದಿ ಮೇಲ್ಭಾಗದಲ್ಲಿ ಸರಿಯಾಗಿ ಕೂತಿತ್ತು. ಕೆಳಗಡೆ ಅಂಚು ಮಡಚಿಕೊಂಡಿತ್ತು. ಅಲ್ಲಿ ಕೈ ಹಾಕಿ ಸವರಿ ನೋಡಲಿಲ್ಲ, ಕ್ಲಿಪ್ ಬಿಗಿದೆ, ಬಿಗಿಯಾಗಿದೆ ಎಂದುಕೊಂಡೆ. ನನ್ನ ತಪ್ಪು ಇದೊಂದೇ.

ಇದನ್ನು ಬಿಡಿಸಿ ಹೇಳಲೇಬೇಕು. ಟರ್ಬೊ ದಾಟಿದ ಮೇಲೆ ಗಾಳಿ ಒತ್ತಡದಲ್ಲಿರುತ್ತದೆ. ಅಲ್ಲಿ ಸಂದು ಬಿಟ್ಟರೆ ಬುಸ್ಸೆಂದು ಸದ್ದಾಗುತ್ತದೆ, ಎಳೆತ ಕುಂದುತ್ತದೆ, ಗೊತ್ತಾಗುತ್ತದೆ. ಫಿಲ್ಟರಿನಿಂದ ಟರ್ಬೊವರೆಗಿನ ಪೈಪಿನಲ್ಲಿ ನಡೆಯುವುದು ಹೀರುವಿಕೆ. ಅಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ಫಿಲ್ಟರನ್ನು ತಪ್ಪಿಸಿ ಹೊರಗಿನ ಗಾಳಿ ನೇರ ಒಳಗೆ. ನನ್ನ ಗಾಡಿಯಲ್ಲಿ ಸದ್ದೂ ಬರಲಿಲ್ಲ, ಎಚ್ಚರಿಕೆಯ ದೀಪವೂ ಹತ್ತಲಿಲ್ಲ. ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಅದಿರಿನ ಧೂಳು ಉಪ್ಪುಕಾಗದದ ಕೆಲಸ ಮಾಡುತ್ತದೆ.

ಏಳು ತಿಂಗಳಿಗೆ ಆಯಿಲ್ ಕಡಿಮೆಯಾಗತೊಡಗಿತು, ನೀಲಿ ಹೊಗೆ, ಏರು ರಸ್ತೆಯಲ್ಲಿ ಸೈರನ್ ತರಹದ ಕೂಗು. ಮೆಕ್ಯಾನಿಕ್ ಪೈಪ್ ಬಿಚ್ಚಿ ತೋರಿಸಿದರು: ಒಳಗೋಡೆಗೆ ಕಾವಿ ಬಳಿದ ಹಾಗಿತ್ತು. ಚಕ್ರದ ಎಸಳುಗಳ ಅಂಚು ಅರದಿಂದ ಉಜ್ಜಿದಂತೆ ಸವೆದಿತ್ತು. ಟರ್ಬೊಗೆ 62 ಸಾವಿರ ರೂಪಾಯಿ. ಒಂದು ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗೆ ಗಾಳಿ ಒತ್ತಿ ಹಿಡಿಯುವ ಬಲ ಕೂಡ ಇಳಿದಿತ್ತು. ಆ ಎಂಜಿನ್ ಮತ್ತೆ ಮೊದಲಿನಂತಾಗಲಿಲ್ಲ.

ಪಿಕಪ್ ಎಷ್ಟು ಹೆಚ್ಚುತ್ತದೆ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಡೀಸೆಲ್ ಎಂಜಿನ್ನಿಗೆ ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಹೆಚ್ಚೇ ಗಾಳಿ ಸಿಗುತ್ತಿರುತ್ತದೆ. ಶಕ್ತಿ ನಿರ್ಧಾರವಾಗುವುದು ಸುರಿಯುವ ಡೀಸೆಲ್‌ನಿಂದ. ಕಂಪನಿಯ ಡಬ್ಬಿ ಹೊರಗಿನ ತಂಪು ಗಾಳಿ ಎಳೆಯುತ್ತದೆ, ತೆರೆದ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿಯನ್ನು. ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು 3 ಶೇಕಡಾ ಇಳಿಯುತ್ತದೆ. ಪಿಕಪ್ ಹೆಚ್ಚಿದಂತೆ ನನಗೆ ಅನ್ನಿಸಿದ್ದು ಹೀರುವ ಸದ್ದು ಗಡುಸಾಗಿದ್ದರಿಂದ ಮಾತ್ರ.

ಕಿಟ್ ವಾಪಸ್ ಮಾಡಿ. ಅದೇ ದುಡ್ಡಿನಲ್ಲಿ ಕಂಪನಿಯ ಕಾಗದದ ಫಿಲ್ಟರನ್ನು ಎಷ್ಟೋ ಸಲ ಬದಲಿಸಬಹುದು. ಈಗಾಗಲೇ ಕೂರಿಸಿಬಿಟ್ಟಿದ್ದರೆ, ಎಂಜಿನ್ ಆರಿಸಿ ತಣಿದ ಮೇಲೆ ಟರ್ಬೊ ಕಡೆಯ ಪೈಪ್ ಬಿಚ್ಚಿ, ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ತೆಳುವಾಗಿ ಎಣ್ಣೆ ಅಂಟಿದರೆ ಚಿಂತೆಯಿಲ್ಲ. ಬಟ್ಟೆಗೆ ಧೂಳು ಹತ್ತಿದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಹಳೆಯ ಡಬ್ಬಿ ಮತ್ತೆ ಹಾಕುವವರೆಗೂ ಸ್ಟಾರ್ಟ್ ಮಾಡಬೇಡಿ.